'ಒರಸು' ಎಂಬ ಬಟನ್: ಒಂದು ಎಕರೆ ಹೊಲವನ್ನು ಪರದೆಗೆ ತಂದ ಅನುಭವ

ನಮ್ಮ ಪಾಠಯೋಜನೆಯ ನಮೂನೆಯಲ್ಲಿ 'ಬೋಧನೋಪಕರಣಗಳು' ಎಂಬ ಅಂಕಣವಿದೆ. ಅಲ್ಲಿ 'ಚಾರ್ಟ್' ಎಂದು ಬರೆದರೆ ಮಾರ್ಗದರ್ಶಕರು ಅದನ್ನು ಬಿಚ್ಚಿ ತೋರಿಸಲು ಹೇಳುತ್ತಾರೆ. ಅಕ್ಷರ ಹಿಂದಿನ ಬೆಂಚಿಗೆ ಕಾಣುತ್ತದೆಯೇ, ಬಣ್ಣ ಕಣ್ಣಿಗೆ ಹೊಡೆಯುತ್ತದೆಯೇ, ಒಂದೇ ಹಾಳೆಯಲ್ಲಿ ಮೂರು ವಿಷಯ ತುರುಕಿದ್ದೇವೆಯೇ ಎಂದು ನೋಡುತ್ತಾರೆ. ಅದೇ ಅಂಕಣದಲ್ಲಿ 'ಕಂಪ್ಯೂಟರ್' ಎಂದು ಬರೆದರೆ ಪರದೆಯ ಮೇಲೆ ಏನಿದೆ ಎಂದು ಕೇಳುವುದು ಅಪರೂಪ. ಯಂತ್ರ ಇದ್ದರೆ ಉಪಕರಣ ಇದ್ದಂತೆ ಎಂದು ಮುಂದೆ ಸಾಗುತ್ತೇವೆ. ಆದರೆ ಪರದೆಯೂ ಒಂದು ಚಾರ್ಟು. ಮಗು ಅದನ್ನು ನೋಡುವುದಷ್ಟೇ ಅಲ್ಲ, ಅದರೊಳಗೆ ಕೈ ಹಾಕುತ್ತದೆ. ಅದು ಮಗುವಿನೊಡನೆ ಮಾತನ್ನೂ ಆಡುತ್ತದೆ. ಆ ಮಾತು ಯಾರದು, ಯಾರಿಗೆ, ಯಾವ ಭಾಷೆಯಲ್ಲಿ ಎಂಬುದನ್ನು ಪರಿಶೀಲಿಸುವ ಹೊಣೆ ಶಿಕ್ಷಕರಾದ ನಮ್ಮದೇ ಎಂದು ನನಗೆ ಅನ್ನಿಸಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಎರಡನೆಯ ವರ್ಷದ ಇಂಟರ್ನ್‌ಶಿಪ್‌ನಲ್ಲಿ ನನ್ನ ಪಾಲಿಗೆ ಬಂದದ್ದು ಗದಗ ಜಿಲ್ಲೆ ನರಗುಂದ ತಾಲ್ಲೂಕಿನ ಚಿಕ್ಕನರಗುಂದ. ವಿಷಯ ಗಣಿತ, ತರಗತಿ ಆರು, ಘಟಕ ಭಿನ್ನರಾಶಿಗಳು. ಮಕ್ಕಳು ಮೂವತ್ತೆರಡು, ಬಳಕೆಗೆ ಸಿಕ್ಕ ಕಂಪ್ಯೂಟರ್ ಎಂಟು. ಒಂದೊಂದರ ಮುಂದೆ ನಾಲ್ವರು. ಬಿ.ಎಸ್ಸಿ.ಯಲ್ಲಿ ಗಣಿತದ ಜೊತೆ ಗಣಕ ವಿಜ್ಞಾನ ಓದಿದ್ದರಿಂದ, ಈ ಘಟಕಕ್ಕೆ ಹೊಂದುವ ಒಂದು ಪುಟ್ಟ ಸಾಫ್ಟ್‌ವೇರನ್ನು ನಾನೇ ಮಾಡಬೇಕೆಂದುಕೊಂಡೆ. ಇಂಟರ್ನೆಟ್ ಬೇಡ, ಪೆನ್‌ಡ್ರೈವ್‌ನಿಂದ ಹಾಕಿದರೆ ನಡೆಯಬೇಕು, ಇಷ್ಟೇ ನನ್ನ ಮೊದಲ ನಿಬಂಧನೆ.

ಭಿನ್ನರಾಶಿ ಎಂದರೆ ನಾವು ವೃತ್ತ ಬರೆದು ಭಾಗಕ್ಕೆ ಬಣ್ಣ ಹಚ್ಚಿಸುತ್ತೇವೆ. ವೃತ್ತದಲ್ಲಿ ಕಾಲು ಭಾಗ ಸರಿಯಾಗಿ ಗುರುತಿಸುವ ಮಗು, ನಲವತ್ತು ವಸ್ತುಗಳಲ್ಲಿ ಕಾಲು ಭಾಗ ಎಷ್ಟು ಎಂದರೆ ತಡವರಿಸುತ್ತದೆ. ಚಿಕ್ಕನರಗುಂದದ ಸುತ್ತ ಎರೆಭೂಮಿ. ಅಲ್ಲಿ ಮಕ್ಕಳು ದಿನವೂ ಕೇಳುವ ಪಾಲಿನ ಲೆಕ್ಕವೆಂದರೆ ಹೊಲದ ಲೆಕ್ಕ. ಒಂದು ಎಕರೆಗೆ 40 ಗುಂಟೆ. ಒಂದು ಗುಂಟೆ ಎಂದರೆ ಉದ್ದ 33 ಅಡಿ, ಅಗಲ 33 ಅಡಿ, ಅಂದರೆ 1,089 ಚದರ ಅಡಿ. ಎಕರೆ 43,560 ಚದರ ಅಡಿ. ಈ 40 ಎಂಬ ಸಂಖ್ಯೆ ಭಿನ್ನರಾಶಿಗೆ ಹೇಳಿ ಮಾಡಿಸಿದಂತಿದೆ. ಅರ್ಧಕ್ಕೆ 20, ಕಾಲಿಗೆ 10, ಐದನೆಯ ಒಂದಕ್ಕೆ 8, ಎಂಟನೆಯ ಒಂದಕ್ಕೆ 5, ಎಲ್ಲವೂ ಪೂರ್ಣ. ಮೂರನೆಯ ಒಂದು ಮಾತ್ರ ಪೂರ್ಣವಾಗಿ ಬರುವುದಿಲ್ಲ. ಅದೇ ಮುಂದಿನ ಪಾಠಕ್ಕೆ ಬಾಗಿಲು.

ಇದನ್ನು ಕಪ್ಪುಹಲಗೆಯ ಮೇಲೂ ಮಾಡಬಹುದಲ್ಲ ಎಂದು ಮಾರ್ಗದರ್ಶಕ ಶಿಕ್ಷಕರು ಕೇಳಿದರು. ಪ್ರಶ್ನೆ ನ್ಯಾಯವಾದದ್ದು. ಹಲಗೆಯ ಮೇಲೆ ಒಬ್ಬರು ಬರೆದದ್ದನ್ನು ಮೂವತ್ತು ಜನ ನೋಡುತ್ತಾರೆ. ನೋಟುಬುಕ್ಕಿನಲ್ಲಿ ನಾಲ್ಕು ಸಲ ರಬ್ಬರ್ ಆಡಿಸಿದರೆ ಹಾಳೆ ಹರಿಯುತ್ತದೆ. ಪರದೆಯಲ್ಲಿ ಮಾತ್ರ ಇಪ್ಪತ್ತು ಬಗೆಯಲ್ಲಿ ಪಾಲು ಮಾಡಿ ನೋಡಿ ಕೆಡಿಸಬಹುದು. ಯಾವುದೂ ಹಾಳಾಗುವುದಿಲ್ಲ, ಯಾರೂ ಬೈಯುವುದಿಲ್ಲ. ಹೀಗೆ ಅಂಜದೆ ಮಾಡಿ ನೋಡುವುದಕ್ಕೆ ಅವಕಾಶ ಕೊಡದಿದ್ದರೆ ಆ ಪಾಠಕ್ಕೆ ಕಂಪ್ಯೂಟರ್ ಬೇಕಾಗಿಲ್ಲ ಎಂದು ನಾವಿಬ್ಬರೂ ಒಪ್ಪಿಕೊಂಡೆವು.

ಇಲ್ಲಿ ಸ್ವಲ್ಪ ಹಿಂದಿನ ಸಂಗತಿ ಹೇಳಬೇಕು. ನಾವು ಇಂದು 'ಡೆಸ್ಕ್‌ಟಾಪ್' ಎಂದು ಕರೆಯುವ ಚಿತ್ರರೂಪದ ಪರದೆಯನ್ನು ಮಾರುಕಟ್ಟೆಗೆ ತಂದ ಮೊದಲಿಗರಲ್ಲಿ ಅಮೆರಿಕದ ಝೆರಾಕ್ಸ್ ಕಂಪನಿ ಒಂದು. 1981ರಲ್ಲಿ ಬಂದ ಅದರ ಯಂತ್ರದ ಹೆಸರು ಸ್ಟಾರ್. 1984ರಲ್ಲಿ ಆ್ಯಪಲ್‌ನ ಮ್ಯಾಕಿಂತೋಷ್ ಇದೇ ಬಗೆಯ ಪರದೆಯನ್ನು ಹೆಚ್ಚು ಜನರ ಬಳಿಗೆ ಒಯ್ದಿತು. ಸ್ಟಾರ್ ಯಂತ್ರವನ್ನು ಮಾಡಿದ್ದು ಕಚೇರಿಯ ಕೆಲಸಗಾರರಿಗಾಗಿ. ಆದ್ದರಿಂದ ಪರದೆಯ ಮೇಲೆ ಅವರ ಮೇಜೇ ಮೂಡಿತು: ಕಾಗದ, ಫೋಲ್ಡರ್, ಫೈಲಿನ ಕಪಾಟು, ಟಪಾಲಿನ ಬುಟ್ಟಿ. ದಿನವೂ ಮುಟ್ಟುವ ವಸ್ತುಗಳನ್ನೇ ಪರದೆಯಲ್ಲೂ ಕಂಡ ಗುಮಾಸ್ತರಿಗೆ ಅದು ಅಪರಿಚಿತವೆನಿಸಲಿಲ್ಲ. ಹೀಗೆ ಪರದೆಯ ಮೇಲಿನ ವಸ್ತುವನ್ನು ಕೈಯಿಂದ ಹಿಡಿದು ಸರಿಸಿದಂತೆ ಬಳಸುವುದಕ್ಕೆ ಬೆನ್ ಶ್ನೈಡರ್‌ಮನ್ ಎಂಬ ಗಣಕ ವಿಜ್ಞಾನಿ 1983ರ ಲೇಖನವೊಂದರಲ್ಲಿ 'ನೇರ ನಿರ್ವಹಣೆ' ಎಂಬ ಅರ್ಥದ ಹೆಸರಿಟ್ಟರು. ಹೊಸದನ್ನು ಪರಿಚಿತವಾದದ್ದರಿಂದ ಆರಂಭಿಸುವುದು ನಮಗೇನೂ ಹೊಸತಲ್ಲ. 'ತಿಳಿದದ್ದರಿಂದ ತಿಳಿಯದಿರುವುದಕ್ಕೆ' ಎಂಬ ಬೋಧನಾ ಸೂತ್ರವೇ ಅದು. ನಮ್ಮ ಮಕ್ಕಳಿಗೆ ತಿಳಿದದ್ದು ಕಚೇರಿಯ ಮೇಜಲ್ಲ, ಹೊಲ. ಹಾಗಾಗಿ ನನ್ನ ಪರದೆ ಒಂದು ಎಕರೆ ಹೊಲವಾಯಿತು: ಅಡ್ಡಲಾಗಿ 8, ಉದ್ದಕ್ಕೆ 5, ಒಟ್ಟು 40 ಚೌಕ. ಒಂದು ಚೌಕಕ್ಕೆ ಒಂದು ಗುಂಟೆ.

ಕೋಡ್ ಬರೆಯುವ ಮೊದಲು ಪರದೆಯನ್ನು ಹಾಳೆಯ ಮೇಲೆ ಬರೆದೆ. ಬಟನ್‌ಗಳನ್ನು ರಟ್ಟಿನಲ್ಲಿ ಕತ್ತರಿಸಿ ಇಟ್ಟೆ. ಮಗು ಬೆರಳಿನಿಂದ 'ಬಟನ್' ಒತ್ತಿದರೆ ಕಂಪ್ಯೂಟರ್ ಏನು ಮಾಡುತ್ತದೋ ಅದನ್ನು ನಾನೇ ಕೈಯಾರೆ ಮಾಡಿ ತೋರಿಸುವುದು. ಸಾಫ್ಟ್‌ವೇರ್ ರೂಪಿಸುವವರಲ್ಲಿ ಇದು ರೂಢಿಯಲ್ಲಿರುವ ಕ್ರಮ. ಐದು ಜನರಿಗೆ ಕೊಟ್ಟು ನೋಡಿದರೆ ಮುಖ್ಯ ತೊಡಕುಗಳಲ್ಲಿ ಹೆಚ್ಚಿನವು ಹೊರಬೀಳುತ್ತವೆ ಎಂದು ಬಳಕೆಯ ಸುಲಭತೆಯ ಬಗ್ಗೆ ಬಹಳ ಬರೆದಿರುವ ಜೇಕಬ್ ನೀಲ್ಸನ್ ಹೇಳುತ್ತಾರೆ. ಸೂಕ್ಷ್ಮ ಬೋಧನೆಯನ್ನು ಬಲ್ಲ ನಮಗೆ ಇದು ಕೂಡಲೇ ಹಿಡಿಸುತ್ತದೆ. ಅಲ್ಲಿಯೂ ಐದರಿಂದ ಹತ್ತು ವಿದ್ಯಾರ್ಥಿಗಳು. ಬೋಧನೆ 6 ನಿಮಿಷ, ಹಿಮ್ಮಾಹಿತಿ 6, ಮರುಯೋಜನೆ 12, ಮರುಬೋಧನೆ 6, ಮರುಹಿಮ್ಮಾಹಿತಿ 6, ಒಟ್ಟು 36 ನಿಮಿಷದ ಚಕ್ರ. ನಾನು ಅದೇ ಚಕ್ರವನ್ನು ರಟ್ಟಿನ ಪರದೆಗೆ ಅನ್ವಯಿಸಿದೆ. ಮಧ್ಯಾಹ್ನದ ಬಿಸಿಯೂಟದ ನಂತರ ಐದು ಮಕ್ಕಳನ್ನು ಕೂರಿಸಿಕೊಂಡೆ. ನಿಯಮ ಒಂದೇ: ನಾನು ವಿವರಿಸುವಂತಿಲ್ಲ. ಸಾಫ್ಟ್‌ವೇರ್ ಮಾಡಿದವರು ಬಳಸುವವರ ಪಕ್ಕದಲ್ಲಿ ಇರುವುದಿಲ್ಲ. ಹಾಳೆಯಲ್ಲಿ ಬರೆದದ್ದಷ್ಟೇ ಪಾಠ ಹೇಳಬೇಕು.

ಬೆಳೆಯ ಹೆಸರುಗಳ ಜಾಗವನ್ನು ಖಾಲಿ ಬಿಟ್ಟು ಮಕ್ಕಳಿಗೇ ತುಂಬಲು ಹೇಳಿದ್ದೆ. ಒಬ್ಬ ಹುಡುಗ ಹೆಸರು ಎಂದ, ಇನ್ನೊಬ್ಬ ಕಡಲೆ ಎಂದ. ಮೂರನೆಯವನು ತಕರಾರು ತೆಗೆದ. "ಅಕ್ಕೋರ, ಹೆಸರು ಮುಂಗಾರಿಗೆ ಬಿತ್ತತಾರ್ರಿ, ಕಡ್ಲಿ ಹಿಂಗಾರಿಗೆ. ಒಂದ ಹೊಲದಾಗ ಎರಡೂ ಒಮ್ಮೆ ಹೆಂಗ ಬರ್ತಾವ್ರಿ?" ಗಣಿತಕ್ಕೆ ಇದರಿಂದ ಏನೂ ಆಗಬೇಕಾಗಿಲ್ಲ ಎನ್ನಬಹುದು. ಆದರೆ ಹೊಲದ ಚಿತ್ರ ಸುಳ್ಳಾದರೆ ಮಗು ಅದನ್ನು ಹೊಲವೆಂದು ನಂಬುವುದಿಲ್ಲ, ಬರಿಯ ಚೌಕಗಳೆಂದು ನೋಡುತ್ತದೆ. ಚರ್ಚೆಯ ನಂತರ ಹಿಂಗಾರಿಯ ನಾಲ್ಕು ಬೆಳೆ ಉಳಿದವು: ಜೋಳ, ಕಡಲೆ, ಗೋಧಿ, ಕುಸುಬೆ.

ಹೆಚ್ಚು ಹೊತ್ತು ಹಿಡಿದದ್ದು ಒಂದು ಬಟನ್ನಿನ ಹೆಸರು. ಹಚ್ಚಿದ ಬಣ್ಣವನ್ನೆಲ್ಲ ತೆಗೆಯುವ ಬಟನ್‌ಗೆ ಎರಡು ರಟ್ಟು ಮಾಡಿಟ್ಟಿದ್ದೆ. ಒಂದರಲ್ಲಿ 'ಅಳಿಸಿ', ಇನ್ನೊಂದರಲ್ಲಿ 'ಅಳಿಸು'. ನಮ್ಮ ಕನ್ನಡ ಸಾಫ್ಟ್‌ವೇರುಗಳಲ್ಲಿ ಎರಡೂ ರೂಪ ಬಳಕೆಯಲ್ಲಿವೆ. 'ಅಳಿಸಿ' ಎಂಬ ರಟ್ಟನ್ನು ನೋಡಿದ ಹುಡುಗಿ ಕೇಳಿದಳು: "ಅಕ್ಕೋರ, ಇದು ನಮಗ ಅಳಸ್ರಿ ಅನ್ನಾಕತ್ತೈತೇನ್ರಿ? ನನ್ನ ಕಡೆ ರಬ್ಬರ ಇಲ್ಲಲ್ರಿ." ಇಂಗ್ಲಿಷಿನಲ್ಲಿ ಈ ಪ್ರಶ್ನೆ ಹುಟ್ಟುವುದಿಲ್ಲ. ಅಲ್ಲಿ ಆಜ್ಞೆಯ ಕ್ರಿಯಾಪದಕ್ಕೆ ಒಂದೇ ರೂಪ. ಕನ್ನಡದಲ್ಲಿ ಕ್ರಿಯಾಪದದ ಕೊನೆಯೇ ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದನ್ನು ಬಿಟ್ಟುಕೊಡುತ್ತದೆ. 'ಅಳಿಸಿ' ಎಂದರೆ ಯಂತ್ರ ಮಗುವಿಗೆ ಗೌರವದಿಂದ ಹೇಳಿದಂತೆ. 'ಅಳಿಸು' ಎಂದರೆ ಮಗು ಯಂತ್ರಕ್ಕೆ ಅಪ್ಪಣೆ ಕೊಟ್ಟಂತೆ. ಎರಡನೆಯ ರಟ್ಟನ್ನು ಮುಂದಿಟ್ಟಾಗ ಹುಡುಗನೊಬ್ಬ, "ಯಾರನ್ನ ಅಳಸಬೇಕ್ರಿ?" ಎಂದು ಕೇಳಿ ಎಲ್ಲರನ್ನೂ ನಗಿಸಿದ. ಅಳುವಂತೆ ಮಾಡುವುದೂ ಅಳಿಸುವುದೇ ತಾನೆ! ಹಾಗಾದರೆ ಏನೆನ್ನೋಣ ಎಂದು ಕೇಳಿದೆ. ಮೂವರು ಒಟ್ಟಿಗೆ ಹೇಳಿದರು: "ಒರಸು." ಪಾಟಿಯನ್ನು ಒರೆಸುವ ಒರಸು. ಆ ಬಟನ್‌ಗೆ ಅದೇ ಹೆಸರು ನಿಂತಿತು. ಕೊನೆಯ ಒಂದು ಕೆಲಸವನ್ನು ಮಾತ್ರ ಹಿಂತೆಗೆಯುವ ಬಟನ್‌ಗೆ 'ಹಿಂದ ಹೋಗು' ಎಂದಾಯಿತು.

ಇದರಿಂದ ಒಂದು ನಿಯಮ ಮಾಡಿಕೊಂಡೆ. ಬಟನ್ ಮೇಲಿನ ಮಾತು ಮಗು ಯಂತ್ರಕ್ಕೆ ಹೇಳುವುದು, ಆದ್ದರಿಂದ ಏಕವಚನ: ಒರಸು, ತೋರಿಸು, ಹಿಂದ ಹೋಗು. ಸೂಚನೆಯ ಮಾತು ಯಂತ್ರ ಮಗುವಿಗೆ ಹೇಳುವುದು, ಆದ್ದರಿಂದ ಬಹುವಚನ: 'ಕಾಲು ಎಕರೆಗೆ ಕಡಲೆಯ ಬಣ್ಣ ಹಚ್ಚಿರಿ.' ವ್ಯಾಕರಣದ ಸಣ್ಣ ಸಂಗತಿಯಂತೆ ಕಾಣುವ ಇದರ ಹಿಂದೆ ದೊಡ್ಡ ಪ್ರಶ್ನೆಯಿದೆ. ಜಿನೀವಾದಲ್ಲಿ ಪಿಯಾಜೆಯವರೊಡನೆ ಕೆಲಸ ಮಾಡಿ, 1967ರಲ್ಲಿ ಸಂಗಡಿಗರೊಂದಿಗೆ ಮಕ್ಕಳಿಗಾಗಿ ಲೋಗೋ ಎಂಬ ಕಂಪ್ಯೂಟರ್ ಭಾಷೆ ರೂಪಿಸಿದ ಸೀಮೋರ್ ಪೇಪರ್ಟ್, 1980ರ 'ಮೈಂಡ್‌ಸ್ಟಾರ್ಮ್ಸ್' ಪುಸ್ತಕದಲ್ಲಿ ಇದನ್ನೇ ಎತ್ತುತ್ತಾರೆ. ಕಂಪ್ಯೂಟರ್ ಮಗುವನ್ನು ನಡೆಸಬೇಕೋ, ಮಗು ಕಂಪ್ಯೂಟರನ್ನು ನಡೆಸಬೇಕೋ? ಪೇಪರ್ಟ್ ಅವರು ಪುಸ್ತಕದುದ್ದಕ್ಕೂ ವಾದಿಸಿದ್ದು ಕನ್ನಡದ ಪರದೆಯಲ್ಲಿ ಒಂದು ಪ್ರತ್ಯಯದಲ್ಲಿ ಕಾಣಿಸಿಕೊಳ್ಳುತ್ತದೆ.

ಯಂತ್ರ ನಮ್ಮ ನುಡಿಗೆ ಹೊಂದಿಕೊಳ್ಳಬೇಕು ಎಂಬುದಕ್ಕೆ ಕನ್ನಡದಲ್ಲೇ ಒಳ್ಳೆಯ ಮಾದರಿಯಿದೆ: ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ. ಹಳೆಯ ಟೈಪ್‌ರೈಟರಿನಲ್ಲಿ ಅಕ್ಷರದ ತುಂಡುಗಳನ್ನು ಆಕಾರ ನೋಡಿ ಜೋಡಿಸಬೇಕಿತ್ತು. ರಾವ್ ಅವರ ವಿನ್ಯಾಸದಲ್ಲಿ ಉಚ್ಚಾರಣೆಯ ಕ್ರಮವೇ ಒತ್ತುವ ಕ್ರಮ. 'ಕೆ' ಕೀಲಿಗೆ ಕ, ಶಿಫ್ಟ್ ಜೊತೆ ಒತ್ತಿದರೆ ಖ. ಒತ್ತಕ್ಷರ ಬೇಕಾದಾಗ ನಡುವೆ 'ಎಫ್' ಕೀಲಿ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಈ ವಿನ್ಯಾಸವನ್ನು ನಾಡಿನ ಕಚೇರಿಗಳಿಗೂ ಶಾಲೆಗಳಿಗೂ ತಲುಪಿಸಿತು. ನನ್ನ ಸಾಫ್ಟ್‌ವೇರಿನಲ್ಲಿ ಆರಂಭಕ್ಕೆ ನಾಲ್ವರೂ ತಮ್ಮ ಹೆಸರು ಬರೆಯಬೇಕು. ಮಾತನಾಡಿದಂತೆ ಒತ್ತುತ್ತ ಹೋದರೆ ಹೆಸರು ಮೂಡುತ್ತದೆ ಎಂದು ತಿಳಿದ ಮಕ್ಕಳು ಮೊದಲ ಅವಧಿಯ ಕೊನೆಯ ಹೊತ್ತಿಗೆ ಹೆಸರು ಬರೆಯುತ್ತಿದ್ದರು. ಅಕ್ಷರ ಯುನಿಕೋಡ್‌ನಲ್ಲಿ ಇರುವಂತೆ ನೋಡಿಕೊಂಡೆ. ಹಳೆಯ ಫಾಂಟ್‌ಗಳಲ್ಲಿ ಬರೆದದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗುರುತುಗಳಾಗುತ್ತದೆ. ಮಗುವಿನ ಹೆಸರಿಗೆ ಹಾಗಾಗಬಾರದು.

ಮುಂದೆ ಪೈಥಾನ್ ಭಾಷೆಯಲ್ಲಿ, ಅದರೊಡನೆ ಬರುವ ಟಿಕಿಂಟರ್ ಎಂಬ ಸಲಕರಣೆ ಬಳಸಿ ಕೋಡ್ ಬರೆದೆ. ಸುಮಾರು ಇನ್ನೂರು ಸಾಲು. ಸಹಪಾಠಿಗಳಿಗೆ ಉಪಯೋಗವಾಗಬಹುದಾದ ಎರಡು ಸಂಗತಿ ಹೇಳುತ್ತೇನೆ. ಇಂಗ್ಲಿಷ್ ಅಕ್ಷರಕ್ಕೆ ಅಳತೆ ಮಾಡಿದ ಬಟನ್‌ನಲ್ಲಿ ಕನ್ನಡದ ಒತ್ತಕ್ಷರದ ಕೆಳಭಾಗ ಕತ್ತರಿಸಿಹೋಗುತ್ತದೆ. ಬಟನ್‌ನ ಎತ್ತರ ಒಂದೂವರೆ ಪಟ್ಟು ಇರಲಿ, ಅಗಲಕ್ಕೂ ಜಾಗ ಬಿಡಿ. ಇನ್ನೊಂದು, ಉತ್ತರ ಹೊಂದದಿದ್ದಾಗ ಬರುವ ಮಾತು. 'ತಪ್ಪು' ಎಂಬ ಪದವನ್ನು ನಾನು ಬಳಸಲಿಲ್ಲ. ಐದನೆಯ ಒಂದು ಎಂದು ಬರೆದು 10 ಗುಂಟೆಗೆ ಬಣ್ಣ ಹಚ್ಚಿದ್ದರೆ ಪರದೆ ಹೇಳುವುದು ಇಷ್ಟೇ: 'ನೀವು ಬರೆದದ್ದು 1/5, ಅಂದರೆ 8 ಗುಂಟೆ. ಬಣ್ಣ ಹಚ್ಚಿದ್ದು 10 ಗುಂಟೆ.' ಮುಂದಿನ ಹೆಜ್ಜೆ ಮಗುವಿನದು. ಒಳ್ಳೆಯ ಶಿಕ್ಷಕಿ ನೋಟುಬುಕ್ಕಿನ ಅಂಚಿನಲ್ಲಿ ಬರೆಯುವ ಟಿಪ್ಪಣಿಯೂ ಹೀಗೆಯೇ ಇರುತ್ತದೆ.

ಇಷ್ಟಾದರೂ ಒಂದು ಪ್ರಶ್ನೆ ಉಳಿದಿತ್ತು. ನಾಲ್ವರಿಗೆ ಒಂದೇ ಮೌಸ್. ಅದು ಯಾರ ಕೈಯಲ್ಲಿರುತ್ತದೆ? ಈ ಪ್ರಶ್ನೆಯನ್ನು ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿ ಉದೈ ಪವಾರ್, ಜೋಯೋಜೀತ್ ಪಾಲ್, ಕೆಂಟಾರೋ ಟೊಯಾಮಾ ಮೊದಲಾದವರು ಕೈಗೆತ್ತಿಕೊಂಡಿದ್ದರು. ಹಳ್ಳಿಯ ಶಾಲೆಗಳಲ್ಲಿ ಒಂದು ಕಂಪ್ಯೂಟರಿನ ಸುತ್ತ ಹಲವು ಮಕ್ಕಳು ಕೂತಾಗ ಒಂದು ಮಗು ಮೌಸ್ ಹಿಡಿಯುತ್ತದೆ, ಉಳಿದವರು ನೋಡುವವರಾಗುತ್ತಾರೆ. ಅವರು ಒಂದೇ ಕಂಪ್ಯೂಟರಿಗೆ ಹಲವು ಮೌಸ್ ಜೋಡಿಸಿ, ಪರದೆಯ ಮೇಲೆ ಪ್ರತಿ ಮಗುವಿಗೂ ಬೇರೆ ಬಣ್ಣದ ಬಾಣ ಬರುವಂತೆ ಮಾಡಿದರು. 2007ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಗ್ರಾಮೀಣ ಭಾರತದ 238 ಮಕ್ಕಳು ಇಂಗ್ಲಿಷ್ ಪದಗಳನ್ನು ಕಲಿತರು. ತಲಾ ಒಂದು ಮೌಸ್ ಇದ್ದ ಐವರ ಗುಂಪು, ಒಂಟಿಯಾಗಿ ಒಂದು ಕಂಪ್ಯೂಟರ್ ಬಳಸಿದ ಮಗುವಿಗೆ ಸರಿಸಮವಾಗಿ ಕಲಿತಿತು. ಪೈಪೋಟಿಗೆ ಎಳೆಯುವ ಪರದೆ, ಕೂಡಿ ಮಾಡಿಸುವ ಪರದೆ ಎರಡನ್ನೂ ಅವರು ಹೋಲಿಸಿ ನೋಡಿದ್ದರು. ಕಲಿಸುವ ಪದಗಳು ಅವೇ, ಯಂತ್ರವೂ ಅದೇ. ಪರದೆಯ ನಿಯಮ ಬದಲಾದರೆ ಗುಂಪಿನ ನಡತೆ ಬದಲಾಗುತ್ತದೆ ಎಂಬುದು ನನಗೆ ಇದರಲ್ಲಿ ಸಿಕ್ಕ ಮುಖ್ಯ ಪಾಠ.

ಹಲವು ಮೌಸ್ ನನ್ನ ಬಳಿ ಇರಲಿಲ್ಲ, ಕೀಬೋರ್ಡ್ ಇತ್ತು. ಅದರ ನಾಲ್ಕು ಮೂಲೆಗಳ ಕೀಲಿಗಳಿಗೆ ನಾಲ್ಕು ಬಣ್ಣದ ಟಿಕಳಿ ಹಚ್ಚಿದೆ. ಪ್ರತಿ ಮಗುವಿಗೂ ಒಂದು ಕೀಲಿ. ಮೌಸ್ ಹಿಡಿಯುವ ಸರದಿ ಯಾರದು ಎಂಬುದು ಪರದೆಯ ಮೇಲೆ ಹೆಸರಿನೊಡನೆ ದೊಡ್ಡದಾಗಿ ಕಾಣುತ್ತದೆ. ಬಣ್ಣ ಹಚ್ಚಿದ ಮೇಲೆ ನಾಲ್ವರೂ ತಂತಮ್ಮ ಕೀಲಿ ಒತ್ತಿ ಒಪ್ಪಿಗೆ ಕೊಟ್ಟರೆ ಮಾತ್ರ ಫಲಿತಾಂಶ ಬರುತ್ತದೆ. ಒಬ್ಬರು ಒತ್ತದಿದ್ದರೂ ಪರದೆ ಕಾಯುತ್ತದೆ.

ತರಗತಿಯಲ್ಲಿ ಒಂದು ಹುಡುಗಿ ಯಾವಾಗಲೂ ಬೆಂಚಿನ ತುದಿಯಲ್ಲಿ ಕೂರುತ್ತಿದ್ದಳು. ಹಿಂದಿನ ವಾರದ ಕಂಪ್ಯೂಟರ್ ಅವಧಿಗಳಲ್ಲಿ ಅವಳ ಕೈ ಮೌಸ್‌ಗೆ ತಾಗಿದ್ದನ್ನು ನಾನು ನೋಡಿರಲಿಲ್ಲ. ಆ ದಿನ ಕಾಲು ಎಕರೆ ಕಡಲೆಯ ಪ್ರಶ್ನೆಗೆ ಸರದಿಯ ಹುಡುಗ ಮೂರು ಸಾಲು, ನಾಲ್ಕು ಕಂಬದ ತುಂಡಿಗೆ ಬಣ್ಣ ಹಚ್ಚಿದ. ಮೂವರು ಒಪ್ಪಿಗೆ ಒತ್ತಿದರು. ಹಳದಿ ಟಿಕಳಿ ಉಳಿಯಿತು. "ಲಗೂ ಒತ್ತ," ಎಂದ ಹುಡುಗ. "ತಡ್ಯೋ, ನಾ ಇನ್ನೂ ಎಣಸಿಲ್ಲ," ಎಂದಳು. ಬೆರಳಿಟ್ಟು ಎಣಿಸಿದಳು. "ಹನ್ನೆರಡು ಅದಾವ. ಕಾಲು ಅಂದ್ರ ಹತ್ತು. ಹಿಂದ ಹೋಗು ಒತ್ತ." ಅವನು ಒತ್ತಿದ. ಎರಡು ಪೂರ್ತಿ ಕಂಬಗಳಿಗೆ ಬಣ್ಣ ಬಿತ್ತು, ನಾಲ್ಕೂ ಕೀಲಿ ಒತ್ತಿದರು. ಆಮೇಲೆ ಆ ಗುಂಪಿನಲ್ಲಿ, ಹತ್ತು ಗುಂಟೆ ಕಂಬವಾಗಿಯೇ ಇರಬೇಕೋ, ಅಲ್ಲಲ್ಲಿ ಚೆದುರಿದ್ದರೂ ಕಾಲು ಎಕರೆಯೋ ಎಂಬ ವಾದ ನಡೆಯಿತು. ನಾನು ಕಲಿಸಬೇಕೆಂದಿದ್ದ ಕಲಿಕಾಂಶ ಅದೇ ಆಗಿತ್ತು.

ಇದೊಂದು ತರಗತಿಯ ಎರಡು ವಾರದ ಅನುಭವ, ಸಂಶೋಧನೆಯಲ್ಲ. ಘಟಕ ಪರೀಕ್ಷೆಯ ಅಂಕಗಳನ್ನು ಈ ಸಾಫ್ಟ್‌ವೇರಿನ ಲೆಕ್ಕಕ್ಕೆ ಬರೆಯುವ ಉದ್ದೇಶವೂ ನನಗಿಲ್ಲ. ಆದರೆ ನಾವು ತುಂಬುವ ವೀಕ್ಷಣಾ ಹಾಳೆಯ ಬಗ್ಗೆ ಒಂದು ಮಾತು ಹೇಳಲೇಬೇಕು. 'ತಂತ್ರಜ್ಞಾನ ಬಳಕೆಯಲ್ಲಿ ಆಸಕ್ತಿ: ಹೆಚ್ಚು, ಸಾಧಾರಣ, ಕಡಿಮೆ' ಎಂಬ ಸಾಲಿನಲ್ಲಿ ಒಂದಕ್ಕೆ ಗುರುತು ಹಾಕುತ್ತೇವೆ. ತುದಿಯಲ್ಲಿ ಕೂತ ಆ ಹುಡುಗಿಗೆ ಹಿಂದಿನ ವಾರ ಯಾರು ಗುರುತು ಹಾಕಿದ್ದರೂ 'ಕಡಿಮೆ' ಎಂದೇ ಹಾಕುತ್ತಿದ್ದರು. ಅವಳಿಗೂ ಮೌಸ್‌ಗೂ ನಡುವೆ ಎಷ್ಟು ಜನ ಕೂತಿದ್ದರು ಎಂದು ಬರೆಯಲು ಆ ಹಾಳೆಯಲ್ಲಿ ಜಾಗವಿಲ್ಲ. ಪರದೆ ಯಾರ ಭಾಷೆಯಲ್ಲಿತ್ತು ಎಂದು ಬರೆಯಲೂ ಜಾಗವಿಲ್ಲ. ಹೀಗೆ ಪರದೆಯ ಕೊರತೆ ಮಗುವಿನ ಹೆಸರಿನ ಮುಂದೆ ದಾಖಲಾಗುತ್ತದೆ. ಮುಂದಿನ ವರ್ಷದ ಶಿಕ್ಷಕರು ಅದನ್ನು ಓದಿ ನಂಬುತ್ತಾರೆ, ಕೆಲವು ಸಲ ಮಗುವೂ ನಂಬುತ್ತದೆ.

ಆದ್ದರಿಂದ ಪ್ರಶಿಕ್ಷಣಾರ್ಥಿ ಮಿತ್ರರಲ್ಲಿ ನನ್ನ ವಿನಂತಿ. ಸಾಫ್ಟ್‌ವೇರ್ ನೀವೇ ಮಾಡಿದ್ದಾಗಲಿ, ಬೇರೆಯವರು ಮಾಡಿದ್ದಾಗಲಿ, ತರಗತಿಗೆ ಒಯ್ಯುವ ಮುನ್ನ ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ:

1. ಪರದೆಯ ಮೇಲಿನ ಚಿತ್ರಗಳು ಈ ಊರಿನ ಮಗು ಮುಟ್ಟಿ ಬಲ್ಲ ವಸ್ತುಗಳೇ?
2. ಬಟನ್ ಮೇಲಿನ ಪದವನ್ನು ಮಗು ಮನೆಯಲ್ಲಿ ಆಡುತ್ತದೆಯೇ?
3. ಆ ಪದದಲ್ಲಿ ಅಪ್ಪಣೆ ಯಾರದು, ಮಗುವಿನದೋ ಯಂತ್ರದ್ದೋ?
4. ಮಾಡಿದ್ದನ್ನು ಹಿಂತೆಗೆಯಲು ದಾರಿ ಇದೆಯೇ, ಅದು ಕಣ್ಣಿಗೆ ಕಾಣುವಂತಿದೆಯೇ?
5. ಉತ್ತರ ಹೊಂದದಿದ್ದಾಗ ಪರದೆ ಏನಾಯಿತೆಂದು ತಿಳಿಸುತ್ತದೆಯೇ, ಬರಿದೆ ತಪ್ಪು ಎನ್ನುತ್ತದೆಯೇ?
6. ನಾಲ್ವರು ಕೂತರೆ ನಾಲ್ಕನೆಯ ಮಗುವಿಗೆ ಏನು ಕೆಲಸ?

ಪಾಠಯೋಜನೆಯನ್ನು ನೋಡುವ ನಮ್ಮ ಉಪನ್ಯಾಸಕರು ಕಂಪ್ಯೂಟರ್ ಎಂದು ಬರೆದ ಕಡೆ, ಚಾರ್ಟನ್ನು ಬಿಚ್ಚಿಸಿದಂತೆ, ಪರದೆಯನ್ನೂ ತೆರೆಸಿ ಈ ಆರು ಪ್ರಶ್ನೆ ಕೇಳಿದರೆ ಸಾಕು. ಹೊಸ ಅಂಕಣವೂ ಬೇಡ. ನನ್ನ ಸಾಫ್ಟ್‌ವೇರಿನ ಪ್ರತಿ ಕಾಲೇಜಿನ ಕಂಪ್ಯೂಟರ್ ಪ್ರಯೋಗಾಲಯದಲ್ಲಿದೆ, ಯಾರು ಬೇಕಾದರೂ ತೆಗೆದುಕೊಂಡು ಬದಲಿಸಬಹುದು. ಬಟನ್‌ಗಳ ಹೆಸರನ್ನು ಬೇರೆ ಒಂದು ಪಟ್ಟಿಯಲ್ಲಿ ಇಟ್ಟಿದ್ದೇನೆ, ಕೋಡ್ ಬಾರದವರೂ ತಿದ್ದಬಹುದು. ಮುಂದಿನ ತಂಡದವರು ಬೇರೆ ಬೇರೆ ಊರಿಗೆ ಹೋಗುತ್ತೀರಿ. ಅಲ್ಲಿನ ಮಕ್ಕಳು 'ಒರಸು' ಎನ್ನದೆ ಇನ್ನೇನೋ ಅನ್ನಬಹುದು, ಬೆಳೆಗಳೂ ಬೇರೆ ಇರಬಹುದು. ಅವರನ್ನೇ ಕೇಳಿ, ಆ ಪದಗಳನ್ನು ಪಟ್ಟಿಗೆ ಸೇರಿಸಿ ತಂದರೆ ಎಲ್ಲರಿಗೂ ಉಪಯೋಗವಾಗುತ್ತದೆ.